ಕೂಲೆಂಟ್ ಟೆಂಪರೇಚರ್ ಸೆನ್ಸರ್ ಕೆಟ್ಟಿದೆಯೇ? ಬಿಚ್ಚುವ ಮುಂಚೆ ಪರೀಕ್ಷಿಸಿ

ಬಿಸಿ ಎಂಜಿನ್ ಮತ್ತೆ ಸ್ಟಾರ್ಟ್ ಆಗಲು ಸತಾಯಿಸುವುದು, ಮೈಲೇಜ್ ಬಿದ್ದುಹೋಗುವುದು, ಸೈಲೆನ್ಸರ್‌ನಲ್ಲಿ ಕಪ್ಪು ಹೊಗೆ, ತಣ್ಣಗಿರುವಾಗಲೇ ರೇಡಿಯೇಟರ್ ಫ್ಯಾನ್ ತಿರುಗುವುದು: ಇವೆಲ್ಲ ಎಂಜಿನ್ ತಂಪಿಡುವ ದ್ರವದ ಉಷ್ಣತೆ ಅಳೆಯುವ ಕೂಲೆಂಟ್ ಟೆಂಪರೇಚರ್ ಸೆನ್ಸರ್ ಕೆಟ್ಟಾಗ ಕಾಣುವ ಲಕ್ಷಣಗಳು. ಹಾಗೆಂದು ತಕ್ಷಣ ಹೊಸ ಸೆನ್ಸರ್ ತರಬೇಡಿ. ತುಕ್ಕು ಹಿಡಿದ ಕನೆಕ್ಟರ್, ಒಳಗೇ ತುಂಡಾದ ವೈರ್, ತೆರೆದೇ ಉಳಿದ ಥರ್ಮೋಸ್ಟಾಟ್ (ರೇಡಿಯೇಟರ್‌ಗೆ ಕೂಲೆಂಟ್ ಬಿಡುವ ವಾಲ್ವ್), ಕೂಲೆಂಟ್ ಕಡಿಮೆಯಾಗಿರುವುದು, ಇವೂ ಇದನ್ನೇ ಹೋಲುವ ತೊಂದರೆ ಕೊಡುತ್ತವೆ.

ಸೆನ್ಸರ್ ಒಳಗಿರುವುದು ಒಂದು ಥರ್ಮಿಸ್ಟರ್. ಬಿಸಿ ಏರಿದಷ್ಟೂ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ. ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಅದಕ್ಕೆ 5 ವೋಲ್ಟ್ ಕೊಟ್ಟು, ಸೆನ್ಸರ್ ಬಳಿ ಎಷ್ಟು ಉಳಿಯಿತು ಎಂಬುದರ ಮೇಲೆ ಉಷ್ಣತೆಯನ್ನು ಲೆಕ್ಕ ಹಾಕುತ್ತದೆ. ವೈರ್ ತುಂಡಾದರೆ ಇಸಿಯು ಕಣ್ಣಿಗೆ ಎಂಜಿನ್ ಮೈನಸ್ 40 ಡಿಗ್ರಿಯಲ್ಲಿದೆ. ಶಾರ್ಟ್ ಆದರೆ 130 ಡಿಗ್ರಿಗೂ ಮೇಲೆ. ಸ್ಕ್ಯಾನರ್ ಹಾಕಿ ನೋಡಿದರೆ ಮೊದಲನೆಯದಕ್ಕೆ ಸಾಮಾನ್ಯವಾಗಿ ಪಿ0118, ಎರಡನೆಯದಕ್ಕೆ ಪಿ0117 ಎಂಬ ದೋಷದ ಕೋಡ್ ಬರುತ್ತದೆ. ಸಂಪರ್ಕ ಬಂದು ಹೋಗಿ ಮಾಡುತ್ತಿದ್ದರೆ ಪಿ0119. ಎಂಜಿನ್ ಸಾಕಷ್ಟು ಬಿಸಿಯಾಗುತ್ತಿಲ್ಲ ಎನ್ನುವ ಪಿ0128 ಬಂದಿದ್ದರೆ ಮೊದಲು ಥರ್ಮೋಸ್ಟಾಟ್ ಮತ್ತು ಕೂಲೆಂಟ್ ಮಟ್ಟ ನೋಡಿ, ಸೆನ್ಸರ್ ಆಮೇಲೆ.

ಕೋಡೇ ಬಾರದ ಸೆನ್ಸರ್‌ನದು ಹೆಚ್ಚಿನ ತಲೆನೋವು. ಪೂರ್ತಿ ಸಾಯದೆ ತಪ್ಪು ಲೆಕ್ಕ ಕೊಡುತ್ತಿರುತ್ತದೆ: ಎಂಜಿನ್ 90 ಡಿಗ್ರಿಯಲ್ಲಿದ್ದರೆ ಇದು 50 ಎನ್ನುತ್ತದೆ. ಇಸಿಯು ನಂಬಿ ಇಂಧನ ಸುರಿಯುತ್ತದೆ, ಸ್ಪಾರ್ಕ್ ಪ್ಲಗ್ ಮಸಿ ಹಿಡಿಯುತ್ತದೆ. ಇದನ್ನು ಹಿಡಿಯಲು ಕಾರನ್ನು ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ ಸ್ಕ್ಯಾನರ್‌ನ ಲೈವ್ ಡೇಟಾ ತೆರೆಯಿರಿ. ಕೂಲೆಂಟ್ ಮತ್ತು ಒಳಬರುವ ಗಾಳಿಯ ಉಷ್ಣತೆ ಹೆಚ್ಚುಕಡಿಮೆ ಒಂದೇ ಇರಬೇಕು. ಐದಾರು ಡಿಗ್ರಿ ವ್ಯತ್ಯಾಸ ನಡೆಯುತ್ತದೆ, ಇಪ್ಪತ್ತು ನಡೆಯುವುದಿಲ್ಲ. ಡ್ಯಾಶ್‌ಬೋರ್ಡ್ ಮುಳ್ಳನ್ನು ಮಾತ್ರ ನೆಚ್ಚಬೇಡಿ. ಹಳೆಯ ಎಷ್ಟೋ ಕಾರುಗಳಲ್ಲಿ ಅದಕ್ಕೆ ಬೇರೆಯೇ ಸೆನ್ಸರ್ ಇರುತ್ತದೆ.

ಇನ್ನು ಕನೆಕ್ಟರ್. ಕೀ ಆಫ್ ಮಾಡಿ ಕಿತ್ತು, ಪಿನ್‌ಗಳನ್ನು ಬೆಳಕಿಗೆ ಹಿಡಿದು ನೋಡಿ. ಹಸಿರು ಪುಡಿ ಕಟ್ಟಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ. ಒಳಗೆ ಕೂಲೆಂಟ್ ಒಸರಿದ್ದರೆ ಸೆನ್ಸರ್ ಮೈಯೇ ಸೋರುತ್ತಿದೆ, ಬದಲಿಸಲೇಬೇಕು. ನಂತರ ಕೀ ಆನ್ ಮಾಡಿ, ಎರಡು ವೈರ್‌ನ ಸೆನ್ಸರ್ ಆದರೆ ಕನೆಕ್ಟರ್‌ನ ಎರಡು ಪಿನ್‌ಗಳ ನಡುವೆ ಮಲ್ಟಿಮೀಟರ್‌ನಲ್ಲಿ ವೋಲ್ಟೇಜ್ ಅಳೆಯಿರಿ. 5 ವೋಲ್ಟ್ ಆಸುಪಾಸು ಸಿಗದಿದ್ದರೆ ದೋಷ ವೈರಿಂಗ್‌ನಲ್ಲಿ ಅಥವಾ ಇಸಿಯುನಲ್ಲಿ. ಹೊಸ ಸೆನ್ಸರ್ ಹಾಕಿ ಪ್ರಯೋಜನವಿಲ್ಲ.

ವೋಲ್ಟೇಜ್ ಸರಿಯಿದ್ದರೆ ಸೆನ್ಸರ್‌ನ ರೆಸಿಸ್ಟೆನ್ಸ್ ಅಳೆಯಿರಿ. ಬಹುಪಾಲು ಸೆನ್ಸರ್‌ಗಳು 20 ಡಿಗ್ರಿಯಲ್ಲಿ 2ರಿಂದ 3 ಕಿಲೋ ಓಮ್, 80 ಡಿಗ್ರಿಯಲ್ಲಿ 300 ಓಮ್ ಹತ್ತಿರ ತೋರಿಸುತ್ತವೆ. ನಿಖರ ಅಂಕಿ ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ಆದರೆ ಒಂದೇ ಅಳತೆಗಿಂತ ಅದು ಇಳಿಯುವ ರೀತಿ ಮುಖ್ಯ: ಎಂಜಿನ್ ಬಿಸಿಯಾದಂತೆ ಜಿಗಿಯದೆ ನಿಧಾನವಾಗಿ ಇಳಿಯಬೇಕು. ನಡುವೆ ಒಮ್ಮೆ ಹಾರಿದರೂ ಸೆನ್ಸರ್ ಹೋಗಿದೆ ಎಂದೇ ಲೆಕ್ಕ.

ಬದಲಿಸುವಾಗ ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬಿಸಿಯಲ್ಲಿ ಕ್ಯಾಪ್ ತೆಗೆದರೆ ಕುದಿಯುವ ಕೂಲೆಂಟ್ ಮುಖಕ್ಕೇ ಚಿಮ್ಮುತ್ತದೆ. ಕೂಲೆಂಟ್ ಮಟ್ಟ ಸೆನ್ಸರ್‌ಗಿಂತ ಕೆಳಗಿಳಿಯುವಷ್ಟು ಹೊರತೆಗೆಯಿರಿ. ಅನೇಕ ಕಾರುಗಳಿಗೆ ಒಂದೆರಡು ಲೀಟರ್ ಸಾಕು. ತಿರುಗಿಸಿ ಕೂರಿಸುವ, ಮರೆ (ಥ್ರೆಡ್) ಇರುವ ಸೆನ್ಸರ್ ಆದರೆ ಸಾಮಾನ್ಯವಾಗಿ 19 ಎಂಎಂ ಉದ್ದನೆಯ ಸಾಕೆಟ್ ಬೇಕಾಗುತ್ತದೆ, ಕ್ಲಿಪ್ ಬಗೆಯದಾದರೆ ಕ್ಲಿಪ್ ಎಳೆದರೆ ಕೈಗೇ ಬರುತ್ತದೆ. ಹಳೆಯ ಓ-ರಿಂಗ್ ಅಥವಾ ವಾಷರ್ ಒಳಗೇ ಅಂಟಿಕೊಂಡಿರಬಹುದು. ಅದರ ಮೇಲೆ ಹೊಸದು ಕೂರಿಸಿದರೆ ಸೋರುತ್ತದೆ. ಸೆನ್ಸರ್ ಕೂರುವ ಹೌಸಿಂಗ್ ಪ್ಲಾಸ್ಟಿಕ್‌ನದಾದರೆ ಮೊದಲ ಸುತ್ತುಗಳನ್ನು ಕೈಯಲ್ಲೇ ತಿರುಗಿಸಿ, ಮ್ಯಾನ್ಯುಯಲ್ ಹೇಳಿದ ಟಾರ್ಕ್ ಮೀರಬೇಡಿ. ಬಿರುಕು ಬಿಟ್ಟರೆ ಸೆನ್ಸರ್ ಬದಲು ಇಡೀ ಹೌಸಿಂಗ್ ತರಬೇಕಾಗುತ್ತದೆ. ಒಂದೇ ವೈರ್‌ನ ಸೆನ್ಸರ್ ಮರೆಗೆ ಟೆಫ್ಲಾನ್ ಟೇಪ್ ಸುತ್ತಬೇಡಿ. ಅದಕ್ಕೆ ಅರ್ತ್ ಸಿಗುವುದೇ ಮರೆಯ ಮೂಲಕ.

ಕಾರಿಗೆ ಹೇಳಿದ ಬಗೆಯ ಕೂಲೆಂಟನ್ನೇ ತುಂಬಿಸಿ, ಬೇರೆ ಬಗೆಯದನ್ನು ಬೆರೆಸಬೇಡಿ. ಬ್ಲೀಡ್ ಸ್ಕ್ರೂ ಇದ್ದರೆ ಗುಳ್ಳೆ ನಿಲ್ಲುವವರೆಗೆ ಗಾಳಿ ಬಿಡಿ. ಒಳಗೆ ಉಳಿದ ಗಾಳಿ ಸೆನ್ಸರ್ ತುದಿಗೆ ಬಂದು ನಿಂತರೆ ಹೊಸದೂ ತಪ್ಪು ಹೇಳುತ್ತದೆ. ಕೋಡ್ ಅಳಿಸಿ, ಹೀಟರ್ ಪೂರ್ತಿ ಬಿಸಿಗಿಟ್ಟು ಎಂಜಿನ್ ಓಡಿಸಿ, ಲೈವ್ ಡೇಟಾ ನೋಡುತ್ತಿರಿ. ಉಷ್ಣತೆ ಏರಿ, ಥರ್ಮೋಸ್ಟಾಟ್ ತೆರೆದ ಮೇಲೆ ಸಾಮಾನ್ಯವಾಗಿ 85ರಿಂದ 100 ಡಿಗ್ರಿ ನಡುವೆ ನಿಲ್ಲಬೇಕು. ಫ್ಯಾನ್ ಒಮ್ಮೆ ತಿರುಗಿ ನಿಂತ ಮೇಲೆ ಎಂಜಿನ್ ನಿಲ್ಲಿಸಿ. ಮರುದಿನ ತಣ್ಣಗಿರುವಾಗ ಕೂಲೆಂಟ್ ಮಟ್ಟ ನೋಡಿ. ಗಾಳಿ ಹೊರಹೋಗಿ ಸ್ವಲ್ಪ ಇಳಿದಿರುತ್ತದೆ, ತುಂಬಿಸಿ.