ಕೊಟ್ಟಿಗೆಯಿಂದ ಹಿನ್ನೀರಿಗೆ: ದೊಡ್ಡಪ್ಪನ ಹಾಯಿದೋಣಿ ರಿಪೇರಿ ಮಾಡಿದ ನನ್ನ ಅನುಭವ

ನಮ್ಮ ಕೊಟ್ಟಿಗೆ ಮೂಲೇಲಿ ಬೋರಲು ಹಾಕಿದ್ದ ದೋಣಿನ ಚಿಕ್ಕಂದಿನಿಂದ ನೋಡ್ತಾನೇ ಇದ್ದೆ. ಅದರ ಮೇಲೆ ಹಳೇ ಗೋಣಿಚೀಲ, ಅಡಿಕೆ ಗೊನೆ ಕೊಯ್ಯೋ ಮುರಿದ ದೋಟಿ (ಉದ್ದನೆ ಕೋಲು), ಮರಕ್ಕೆ ಬೋರ್ಡೋ ಔಷಧಿ ಹೊಡೆಯೋ ಪೈಪು ಎಲ್ಲ ರಾಶಿ ಬಿದ್ದಿರ್ತಿತ್ತು. ದೊಡ್ಡಪ್ಪ ಮುಂಬೈಲಿ ಕೆಲಸದಲ್ಲಿದ್ದಾಗ ಟೆರೇಸ್ ಮೇಲೆ ತಾವೇ ಕೂತು ಕಟ್ಟಿದ್ದು ಅದು, ರಿಟೈರ್ ಆಗಿ ಸಾಗರಕ್ಕೆ ಬರೋವಾಗ ಮನೆ ಸಾಮಾನಿನ ಜೊತೆ ಲಾರಿಗೆ ಹಾಕ್ಕೊಂಡು ಬಂದ್ರು, ಎರಡು ಮೂರು ವರ್ಷ ಹಿನ್ನೀರಲ್ಲಿ ಓಡ್ಸಿದ್ರು, ಆಮೇಲೆ ಮಂಡಿನೋವು ಬಂತು, ದೋಣಿ ಕೊಟ್ಟಿಗೆ ಸೇರ್ತು. ಅವರು ತೀರ್ಕೊಂಡ ಮೇಲೆ ಅದನ್ನ ಸೌದೆಗೆ ಹಾಕೋ ಮಾತು ಬಂದಾಗ ನಾನು ಬೇಡ ಅಂದೆ. ಶುರುವಾಗಿದ್ದು ಅಲ್ಲಿಂದ.

ದೋಣಿ ಹೆಸರು ಮಿರರ್. ಇಂಗ್ಲೆಂಡಿನ ಡೈಲಿ ಮಿರರ್ ಪತ್ರಿಕೆ 1963ರಲ್ಲಿ ಜನಸಾಮಾನ್ಯರಿಗೆ ಅಂತ ತಂದ ಡಿಂಗಿ, ಅಂದ್ರೆ ಸಣ್ಣ ತೆರೆದ ದೋಣಿ. ಪತ್ರಿಕೆಯ ಬಣ್ಣ ಕೆಂಪು, ಅದಕ್ಕೇ ಹಾಯೀನೂ ಕೆಂಪು. ವಿನ್ಯಾಸ ಜಾಕ್ ಹೋಲ್ಟ್ ಅವರದು, ಜೊತೆಗೆ ಬ್ಯಾರಿ ಬಕ್ನೆಲ್ ಅಂತ, ಟಿವೀಲಿ ಮನೆ ರಿಪೇರಿ ಹೇಳಿಕೊಡ್ತಿದ್ದವರು. ಅಲ್ಲಿವರೆಗೆ ಮರದ ದೋಣಿ ಅಂದ್ರೆ ಪಳಗಿದ ಬಡಗಿಗಳ ಕೆಲಸ. ಇವರು ಪ್ಲೈವುಡ್ ಹಲಗೆ ಕತ್ತರಿಸಿ, ಅಂಚಲ್ಲಿ ತೂತು ಹಾಕಿ, ತಾಮ್ರದ ತಂತೀಲಿ ಅಂಗಿ ಹೊಲಿದ ಹಾಗೆ ಹೊಲಿದು, ಸಂದಿಗೆ ಫೈಬರ್ ಗ್ಲಾಸ್ ಟೇಪು, ರೆಸಿನ್ ಅನ್ನೋ ಗಟ್ಟಿಯಾಗೋ ಅಂಟು ಮೆತ್ತಿಬಿಟ್ರೆ ಸಾಕು ಅನ್ನೋ ಹಾಗೆ ಮಾಡಿದ್ರು. ಹತ್ತಡಿ ಹತ್ತಿಂಚು ಉದ್ದ, 45 ಕೇಜಿ ಆಸುಪಾಸು ತೂಕ. ಹೀಗೆ 70 ಸಾವಿರಕ್ಕೂ ಮೇಲೆ ಮಿರರ್‌ಗಳು ಆಗಿವೆ, ಬಹಳಷ್ಟು ಮನೆ ಶೆಡ್ಡಲ್ಲಿ, ಹಿತ್ತಿಲಲ್ಲಿ ಕಟ್ಟಿದ್ದೇ. ನಮ್ಮೂರ ಬಡಗಿ ಆಚಾರ್ರು ಬಂದು ನೋಡಿ "ಮೊಳೆ ಹೊಡೀದೆ ಇದು ಹ್ಯಾಗೆ ನಿಂತಿದೆ ಮಾರಾಯ್ರೇ" ಅಂತ ಸಂದಿಗಳ ಮೇಲೆಲ್ಲ ಬೆರಳು ಆಡಿಸಿ ಆಡಿಸಿ ನೋಡಿದ್ರು.

ಮೊದಲು ಮಾಡಿದ ಕೆಲಸ ತೂಕ ಹಾಕಿದ್ದು. ಅಡಿಕೆ ತೂಗೋ ತಕ್ಕಡಿ ಮೇಲೆ ಇಟ್ರೆ 61 ಕೇಜಿ! ಅಂದ್ರೆ ಹಲಗೆ ಒಳಗೆ ಅಷ್ಟು ನೀರು ಕುಡಿದು ಕೂತಿದೆ ಅಂತ ಅರ್ಥ. ಮಲೆನಾಡಿನ ಮಳೇಲಿ ಇಷ್ಟು ವರ್ಷ ಇದ್ದಿದ್ದಕ್ಕೆ ಇನ್ನೇನಾಗತ್ತೆ. ಒದ್ದೆ ಮರದ ಮೇಲೆ ರೆಸಿನ್ ಹಿಡಿಯಲ್ಲ, ಒಣಗಿಸದೆ ಕೈ ಹಾಕಿದ್ರೆ ಎಲ್ಲ ದಂಡ. ಅಡಿಕೆ ಒಣಗಿಸೋ ಪಾಲಿಹೌಸ್ ಇತ್ತಲ್ಲ, ಅಡಿಕೆ ಕೊಯ್ಲು ಮುಗಿದ ಮೇಲೆ ಫೆಬ್ರವರೀಲಿ ಅದರೊಳಗೆ ಇಟ್ಟೆ, ತಳಕ್ಕೆ ಗಾಳಿ ಆಡ್ಲಿ ಅಂತ ನಾಲ್ಕು ಕಲ್ಲು ಕೊಟ್ಟು, ನಡುಮಧ್ಯಾಹ್ನ ಬಿಸಿಲು ಜಾಸ್ತಿ ಆದಾಗ ಎರಡೂ ಕಡೆ ಪ್ಲಾಸ್ಟಿಕ್ ಎತ್ತಿ ಕಟ್ಟಿ, ಮೂರು ವಾರ. ಪ್ರತಿ ಭಾನುವಾರ ತೂಕ ಹಾಕೋದು, ಗೋಡೆ ಮೇಲೆ ಬರೆಯೋದು. 52ಕ್ಕೆ ಬಂದು ನಿಂತ ಮೇಲೇನೇ ಉಳಿ ಕೈಗೆ ತಗೊಂಡಿದ್ದು.

ಆಮೇಲೆ ಗೊತ್ತಾಯ್ತು ಕೊಳೆ ಎಲ್ಲೆಲ್ಲಿ ಇದೆ ಅಂತ. ಸ್ಕ್ರೂ ಡ್ರೈವರ್ ಹಿಡಿಕೆಯಿಂದ ತಟ್ಟುತ್ತಾ ಹೋಗ್ಬೇಕು, ಗಟ್ಟಿ ಮರ ಟಣ್ ಅನ್ನತ್ತೆ, ಕೊಳೆತಿದ್ದು ಡಬ್ ಅನ್ನತ್ತೆ, ತೆಂಗಿನಕಾಯಿ ನೋಡಿದ ಹಾಗೇನೇ. ಮುಂದಿನ ಮೊಂಡು ಮೂತಿಯ ಹಲಗೆ ಕೆಳಗಡೆ ಒಂದು ಗೇಣು, ಹಿಂದೆ ಚುಕ್ಕಾಣಿ ಕೂರೋ ಜಾಗ, ಮತ್ತೆ ಎಡಗಡೆ ಗಾಳಿ ತುಂಬಿರೋ ಟ್ಯಾಂಕಿನ ತಳ, ಈ ಮೂರು ಹೋಗಿತ್ತು. ಹಳೇ ಟೇಪು ಕೆಲವು ಕಡೆ ಅಡಿಕೆ ಹಾಳೆ ಕಿತ್ತ ಹಾಗೆ ಉದ್ದಕ್ಕೆ ಎದ್ದು ಬಂತು. ಅದು ಪಾಲಿಯೆಸ್ಟರ್ ರೆಸಿನ್, ನಾನು ಈಗ ಬಳಸಿದ ಎಪಾಕ್ಸಿ (ಎರಡು ಭಾಗ ಕಲಸಿ ಮಾಡೋ ರೆಸಿನ್) ಹಿಡಿದಷ್ಟು ಗಟ್ಟಿ ಅದು ಮರಕ್ಕೆ ಹಿಡಿಯಲ್ಲ. ಬಿಗಿಯಾಗಿ ಕೂತಿದ್ದ ಕಡೆ ಹಾಗೇ ಬಿಟ್ಟೆ, ದೊಡ್ಡಪ್ಪ ಕೈಯಾರೆ ಮಾಡಿದ್ದನ್ನ ಸುಮ್ಮನೆ ಕೀಳೋದು ನನಗೆ ಇಷ್ಟ ಇರ್ಲಿಲ್ಲ.

ಪ್ಲೈವುಡ್ ವಿಷಯದಲ್ಲಿ ಮಾತ್ರ ಕಾಸು ಉಳಿಸೋಕೆ ಹೋಗ್ಬೇಡಿ ದಯವಿಟ್ಟು. ಅಂಗಡೀಲಿ ವಾಟರ್‌ಪ್ರೂಫ್ ಅಂತ ಕೊಡೋದೆಲ್ಲ ದೋಣಿಗೆ ಆಗೋ ಮರೀನ್ ಪ್ಲೈ ಅಲ್ಲ. ಹಲಗೆ ಮೇಲೆ ಐಎಸ್ (ಇಂಡಿಯನ್ ಸ್ಟ್ಯಾಂಡರ್ಡ್) 710 ಅಂತ ಮಾರ್ಕ್ ಇರ್ಬೇಕು, ಅದರ ಅಂಟನ್ನ 72 ಗಂಟೆ ಕುದಿಯೋ ನೀರಲ್ಲಿ ಇಟ್ಟು ಟೆಸ್ಟ್ ಮಾಡಿರ್ತಾರೆ. ಐಎಸ್ 303 ಇರೋದು ಅಡುಗೆಮನೆ ಕಪಾಟಿಗೆ ಸರಿ, ದೋಣಿಗೆ ಅಲ್ಲ. ನಾನು ಶಿವಮೊಗ್ಗದಲ್ಲಿ ಒಂದು ಅಂಗಡೀಲಿ ಮಾರ್ಕ್ ನೋಡದೆ ತಂದು, ಒಂದು ತುಂಡು ಕತ್ತರಿಸಿ ಪಾತ್ರೇಲಿ ಕುದಿಸಿ ನೋಡಿದ್ರೆ ಸಂಜೆಗೆ ಪದರ ಪದರ ಬಿಟ್ಕೊಂಡಿತ್ತು, ವಾಪಸ್ ತಗೊಳ್ಳಲ್ಲ ಅಂದ್ರು, ಅದು ಈಗ ಕೋಳಿಗೂಡಿನ ಬಾಗಿಲು.

ಹೊಸ ತುಂಡು ಕೂರಿಸೋವಾಗ ಸುಮ್ಮನೆ ಅಂಚಿಗೆ ಅಂಚು ಇಟ್ರೆ ನಿಲ್ಲಲ್ಲ. ಹಳೇದು ಹೊಸದು ಎರಡನ್ನೂ ಓರೆಯಾಗಿ ಕೆತ್ತಿ ಒಂದರ ಮೇಲೊಂದು ಮಲಗಿಸ್ಬೇಕು, ಹಲಗೆ ದಪ್ಪದ ಎಂಟು ಪಟ್ಟು ಉದ್ದ ಇಳಿಜಾರು, ಅಂದ್ರೆ 6 ಎಂಎಂ ಹಲಗೆಗೆ 48 ಎಂಎಂ. ಆಚಾರ್ರ ಕೀಸುಳೀಲಿ ಹೊಡೀತಾ ಹೋದ್ರೆ ಪ್ಲೈನ ಪದರಗಳು ಕಪ್ಪು ಬಿಳಿ ಪಟ್ಟೆ ಥರ ಕಾಣ್ತಾವೆ, ಆ ಪಟ್ಟೆ ನೇರವಾಗಿ, ಒಂದೇ ಅಗಲಕ್ಕೆ ಬಂದ್ರೆ ಇಳಿಜಾರು ಸರಿ ಇದೆ ಅಂತ, ಸೊಟ್ಟ ಆದ್ರೆ ಕೈ ತಪ್ಪಿದೆ ಅಂತ. ಇದನ್ನ ಆಚಾರ್ರೇ ಕಂಡುಹಿಡಿದು ನನಗೆ ತೋರಿಸಿದ್ದು. ಹೊಲಿಯೋಕೆ ತಾಮ್ರದ ತಂತಿ ಮೋಟಾರ್ ರಿವೈಂಡಿಂಗ್ ಅಂಗಡೀಲಿ ಸಿಕ್ತು. ಸಂದಿ ತುಂಬೋಕೆ ಸಾಮಿಲ್ಲಿನ ಮರದ ಹಿಟ್ಟನ್ನ ಸೀರೆ ಬಟ್ಟೇಲಿ ಸೋಸಿ ಎಪಾಕ್ಸಿಗೆ ಕಲಸಿ, ಚಪಾತಿ ಹಿಟ್ಟಿಗಿಂತ ಸ್ವಲ್ಪ ಮೆತ್ತಗೆ, ಚಮಚದ ಬೆನ್ನಿಂದ ಎಳೆದ್ರೆ ಮೂಲೆ ನುಣ್ಣಗೆ ದುಂಡಗೆ ಬರತ್ತೆ, ಅದರ ಮೇಲೆ ಗ್ಲಾಸ್ ಟೇಪು.

ಎಪಾಕ್ಸಿ ಕಲಸೋದು ಅಂದಾಜಲ್ಲಿ ಬೇಡ, ಗ್ರಾಂ ಲೆಕ್ಕದಲ್ಲಿ ತೂಗಿ. ಗಟ್ಟಿಯಾಗೋಕೆ ಅಂತ ಕಲಸೋ ಎರಡನೇ ಭಾಗ, ಹಾರ್ಡ್‌ನರ್, ಜಾಸ್ತಿ ಹಾಕಿದ್ರೆ ಬೇಗ ಗಟ್ಟಿ ಆಗತ್ತೆ ಅನ್ನೋದು ಸುಳ್ಳು, ಅಂಟಂಟಾಗೇ ಉಳಿದುಬಿಡತ್ತೆ. ಒಂದೇ ಡಬ್ಬೀಲಿ ತುಂಬಾ ಕಲಸಿದ್ರೆ ಬಿಸಿ ಏರಿ ಹೊಗೆ ಬರತ್ತೆ, ಸ್ವಲ್ಪ ಸ್ವಲ್ಪ ಕಲಸಿ. ಇನ್ನೊಂದು, ನಮ್ಮ ಕಡೆ ತೇವದ ಹವೆಗೆ ಮಾರನೇ ದಿನ ಮೇಲ್ಗಡೆ ಮೇಣದ ಥರ ಜಿಡ್ಡು ಪೊರೆ ಕೂರತ್ತೆ, ಅದನ್ನ ನೀರು ಹಾಕಿ ತಿಕ್ಕಿ ತೊಳೆದು ಆಮೇಲೆ ಸ್ಯಾಂಡ್ ಪೇಪರ್ ಹೊಡೀಬೇಕು, ಇಲ್ಲಾಂದ್ರೆ ಪೇಂಟ್ ಸಿಪ್ಪೆ ಸಿಪ್ಪೆ ಎದ್ದು ಬರತ್ತೆ. ಮೇ ತಿಂಗಳ ಮೊದಲ ಮಳೆ ಒಳಗೆ ಪೇಂಟ್ ಮುಗಿಸಿಬಿಟ್ಟೆ. ಮಳೆಗಾಲದಲ್ಲಿ ಈ ಕೆಲಸ ಇಟ್ಕೊಳ್ಳಲೇಬಾರದು.

ಟ್ಯಾಂಕುಗಳ ಬಗ್ಗೆ ಹೇಳ್ಲೇಬೇಕು, ಯಾಕಂದ್ರೆ ದೋಣಿ ಮಗುಚಿದ್ರೆ ಜೀವ ಉಳಿಸೋದು ಅವೇ. ಮಿರರ್‌ನಲ್ಲಿ ನಾಲ್ಕು ಮುಚ್ಚಿದ ಗಾಳಿ ಕೋಣೆಗಳಿವೆ. ಎಲ್ಲಿ ಸೋರತ್ತೆ ಅಂತ ಹುಡುಕೋಕೆ ಪಂಕ್ಚರ್ ಅಂಗಡಿ ಉಪಾಯ, ಸಂದಿಗೆಲ್ಲ ಸೋಪು ನೀರು ಬಳಿದು ಬಿರಡೆ ತೂತಿಗೆ ಪೈಪಿಟ್ಟು ಬಾಯಲ್ಲೇ ಊದೋದು. ಪಂಪು ಹಾಕ್ಬೇಡಿ, ಒತ್ತಡಕ್ಕೆ ಹಲಗೆ ಸಂದೀನೇ ಬಿಟ್ಕೊಳ್ಳತ್ತೆ. ನಾನು ಊದ್ತಿದ್ರೆ ಮಗಳು ಬಗ್ಗಿ ನೋಡ್ತಾ "ಅಪ್ಪಾ, ಇಲ್ಲಿ ಗುಳ್ಳೆ, ಇಲ್ಲೊಂದು" ಅಂತ ಚಾಕ್‌ಪೀಸಲ್ಲಿ ಸುತ್ತು ಹಾಕ್ತಾ ಹೋದ್ಲು, ಒಟ್ಟು ಹನ್ನೊಂದು ಕಡೆ.

ಹಾಯಿ ಹೊಲಿಗೆ ಬಿಟ್ಟಿದ್ದನ್ನ ಸೀಟ್ ಕವರ್ ಹೊಲಿಯೋರ ಹತ್ರ ಪಾಲಿಯೆಸ್ಟರ್ ದಾರದಲ್ಲಿ ಹಾಕಿಸಿದೆ. ಮಿರರ್‌ನ ಮಾಸ್ಟ್, ಅಂದ್ರೆ ಹಾಯಿ ಕಟ್ಟೋ ಕಂಬ, ಗಿಡ್ಡ, ಅದರ ಮೇಲೆ ಇನ್ನೊಂದು ಕೋಲು ಹಗ್ಗದಲ್ಲಿ ಏರಿ ಮಾಸ್ಟಿನ ನೇರಕ್ಕೆ ನಿಲ್ಲತ್ತೆ, ಹಾಗಾಗಿ ಎಲ್ಲ ಕಳಚಿದ್ರೆ ದೋಣಿ ಒಳಗೇ ಹಿಡಿಯತ್ತೆ, ಪಿಕಪ್ಪಲ್ಲಿ ಆರಾಮಾಗಿ ಸಾಗಿಸ್ಬೋದು. ಆ ಮೇಲಿನ ಕೋಲನ್ನ ಗೆದ್ದಲು ತಿಂದಿತ್ತು. ಅದಕ್ಕೆ ನಾನು ಹಾಕಿದ್ದು ಮುರಿದ ಕಾರ್ಬನ್ ಫೈಬರ್ ದೋಟಿಯ ಒಂದು ತುಂಡು, ಅಡಿಕೆ ಕೊನೆ ತೆಗೆಯೋ ದೋಟಿ! ಎರಡೂ ತುದಿಗೆ ಮರದ ಬಿರಡೆ ಅಂಟಿಸಿ, ಹಾಯಿಯನ್ನ ಹಗ್ಗದಲ್ಲಿ ಸುತ್ತಿ ಕಟ್ಟಿದೆ. ಹಗುರ, ಗಟ್ಟಿ, ಮಳೆಗೆ ಏನೂ ಆಗಲ್ಲ. ಒಂದೇ ಎಚ್ಚರ, ಕಾರ್ಬನ್ನಲ್ಲಿ ಕರೆಂಟ್ ಹರಿಯತ್ತೆ, ತೋಟದಲ್ಲಿ ಎಷ್ಟು ಹುಷಾರೋ ಅಷ್ಟೇ ಹುಷಾರಾಗಿ ದಡದಲ್ಲಿ ತಲೆ ಮೇಲೆ ಲೈನ್ ಇದೆಯಾ ನೋಡ್ಕೊಂಡೇ ಮಾಸ್ಟ್ ಎತ್ತೋದು.

ಮಳೆ ಮುಗಿದು ಶರಾವತಿ ಹಿನ್ನೀರು ತುಂಬಿ ನಿಂತ ಮೇಲೆ ನೆಂಟರ ಮನೆ ಕೆಳಗಿಂದ ನೀರಿಗಿಳಿಸಿದ್ವಿ. ಹಿನ್ನೀರಿನ ಒಂದಷ್ಟು ಭಾಗ ಅಭಯಾರಣ್ಯ, ಕೇಳ್ದೆ ಎಲ್ಲೆಂದರಲ್ಲಿ ಹೋಗೋ ಹಾಗಿಲ್ಲ. ಮಧ್ಯಾಹ್ನದ ಮೇಲೆ ಪಡುವಣ ಗಾಳಿ ಏಳತ್ತೆ. ದಡದಲ್ಲಿ ನಿಂತೋರು ಎಲ್ಲ ಕೇಳೋದು ಒಂದೇ, ಗಾಳಿಗೆ ಎದುರು ಹ್ಯಾಗೆ ಹೋಗತ್ತೆ ಅಂತ. ನೇರ ಹೋಗಲ್ಲ, ಆಗುಂಬೆ ಘಾಟಿ ಹತ್ತಿದ ಹಾಗೆ ಓರೆಯಾಗಿ ಆ ಕಡೆ ಸ್ವಲ್ಪ, ತಿರುಗಿ ಈ ಕಡೆ ಸ್ವಲ್ಪ. ಆಗ ದೋಣಿ ಪಕ್ಕಕ್ಕೆ ಜಾರದ ಹಾಗೆ ಹಿಡಿಯೋದು ತಳದಿಂದ ನೀರಿಗಿಳಿಯೋ ಡ್ಯಾಗರ್‌ಬೋರ್ಡ್ ಹಲಗೆ. ಅದರಿಂದಲೇ ಒಂದು ಪೆಟ್ಟೂ ತಿಂದ್ವಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ಮುಳುಗಿದ ಮರಗಳ ಬೊಡ್ಡೆ ಇನ್ನೂ ನೀರೊಳಗೆ ನಿಂತಿವೆ, ಹಲಗೆ ಹೋಗಿ ಅದಕ್ಕೆ ಬಡಿದು ಅದು ಕೂರೋ ಪೆಟ್ಟಿಗೆ ಬುಡದಲ್ಲಿ ಸೀಳ್ತು, ಟವೆಲ್ ತುರುಕಿ ದಡ ಸೇರಿದ್ವಿ. ಮಡಚೋ ಹಲಗೆ ಆಗಿದ್ರೆ ತಾನೇ ಹಿಂದಕ್ಕೆ ವಾಲ್ತಿತ್ತು, ಇದು ನೆಟ್ಟಗೆ ಇಳಿಯೋದು, ಹಾಗಾಗಿ ಪೂರ್ತಿ ಪೆಟ್ಟು ಪೆಟ್ಟಿಗೆಗೇ. ಈಗ ಪೆಟ್ಟಿಗೆಗೆ ಎರಡು ಪದರ ಗ್ಲಾಸ್ ಜಾಸ್ತಿ ಕೊಟ್ಟಿದೀನಿ, ಗಾಳಿ ಹಿಂದಿಂದ ಇರೋವಾಗ ಹಲಗೆ ಮುಕ್ಕಾಲು ಎತ್ತಿಬಿಡ್ತೀನಿ. ಲೈಫ್ ಜಾಕೆಟ್ ಇಲ್ಲದೆ ನಮ್ಮ ದೋಣಿಗೆ ಯಾರೂ ಹತ್ತೋ ಹಾಗಿಲ್ಲ.

ಡಿಸೆಂಬರಲ್ಲಿ ಅಪ್ಪಯ್ಯನ್ನ ಕರ್ಕೊಂಡು ಹೋದೆ. ಅವರು ಹುಟ್ಟಿದ ಮನೆ, ಗದ್ದೆ ಎಲ್ಲ ಈ ನೀರಿನ ಕೆಳಗೇ ಇದೆ. ಲಾಂಚಲ್ಲಿ ಎಷ್ಟೋ ಸಲ ದಾಟಿದಾರೆ, ಆದ್ರೆ ಇಂಜಿನ್ ಸದ್ದಿಲ್ಲದೆ ಬಂದಿದ್ದು ಇದೇ ಮೊದಲು. ಒಂದು ಗುಡ್ಡದ ಮೂಗು ನೋಡಿ "ಇಲ್ಲೇ ಸ್ವಲ್ಪ ನಿಲ್ಸು" ಅಂದ್ರು. ಗಾಳಿಗೆ ಮುಖ ಮಾಡಿ ಹಾಯಿ ಸಡಿಲ ಬಿಟ್ಟೆ, ಅದು ಪಟಪಟ ಹೊಡ್ಕೊಂಡು ದೋಣಿ ನಿಧಾನ ಆಯ್ತು. ಅವರು ಒಂದು ಕೈ ನೀರಲ್ಲಿ ಅದ್ದಿ ಸುಮಾರು ಹೊತ್ತು ಕೂತಿದ್ರು, ಎಂತದೂ ಮಾತಾಡ್ಲಿಲ್ಲ. ವಾಪಸ್ ಹೊರಟಾಗ ಮುಂದಿನ ಸಣ್ಣ ಹಾಯಿ ಹಗ್ಗ ಕೊಡಿ, ನಾನೇ ಎಳೀತೀನಿ ಅಂದ್ರೆ, "ಇರ್ಲಿ ಬಿಡೋ, ನನ್ನ ಕೈಲೇ ಇರ್ಲಿ" ಅಂದು ದಡ ಮುಟ್ಟೋವರೆಗೂ ಬಿಡ್ಲಿಲ್ಲ.