ಮುಂದಿನ ಚಕ್ರ ಊರುವುದು ಹೇಗೆ? ಮೊದಲು ಬ್ರೇಕ್, ಆಮೇಲೆ ಜಿಗಿತ

ಸೈಕಲ್ ಟ್ರಯಲ್ಸ್‌ನಲ್ಲಿ ಹಿಂದಿನ ಚಕ್ರದ ಮೇಲೆ ಕುಪ್ಪಳಿಸುವುದನ್ನು ನಮ್ಮ ಕಡೆಯ ಮಕ್ಕಳು ಬೇಗ ಕಲಿಯುತ್ತಾರೆ. ಒಂದು ಕಲ್ಲಿನಿಂದ ಇನ್ನೊಂದಕ್ಕೆ ಹಾರಿ ಮುಂದಿನ ಚಕ್ರವನ್ನು ಮೊದಲು ಊರಬೇಕು ಎನ್ನುವಾಗ ಎಲ್ಲ ಕೆಡುತ್ತದೆ. ಚಕ್ರ ಕಲ್ಲು ಮುಟ್ಟಿ ಉರುಳುತ್ತದೆ, ಗಾಬರಿಯಲ್ಲಿ ಬ್ರೇಕ್ ಹಿಡಿಯುತ್ತಾರೆ, ಹ್ಯಾಂಡಲ್ ಮೇಲಿಂದ ಮುಂದಕ್ಕೆ ಬೀಳುತ್ತಾರೆ. ನೋಡುತ್ತಾ ನಿಂತವರು ‘ಧೈರ್ಯ ಸಾಲದು’ ಅನ್ನುತ್ತಾರೆ. ಧೈರ್ಯಕ್ಕೂ ಇದಕ್ಕೂ ಸಂಬಂಧ ಇಲ್ಲ. ಬ್ರೇಕ್ ಹಿಡಿದ ಹೊತ್ತು ತಪ್ಪು, ಅಷ್ಟೆ.

ಟ್ರಯಲ್ಸ್ ಅಂದರೆ ಕಲ್ಲು, ಮರದ ದಿಮ್ಮಿ, ಸಿಮೆಂಟ್ ಕಟ್ಟೆಗಳನ್ನು ನೆಲಕ್ಕೆ ಕಾಲು ಊರದೆ ಸೈಕಲ್‌ನಲ್ಲಿ ದಾಟುವ ಆಟ. ಸ್ಪೇನಿನಲ್ಲಿ ಮೋಟಾರ್ ಸೈಕಲ್ ಟ್ರಯಲ್ಸ್‌ನಿಂದ ಹುಟ್ಟಿದ್ದು. ಯುಸಿಐ (ಸೈಕ್ಲಿಂಗ್‌ನ ಅಂತರರಾಷ್ಟ್ರೀಯ ಒಕ್ಕೂಟ) ಸ್ಪರ್ಧೆಗಳಲ್ಲಿ 20 ಇಂಚು ಮತ್ತು 26 ಇಂಚು ಚಕ್ರದ ವಿಭಾಗಗಳುಂಟು. ಚಕ್ರ ಯಾವುದಾದರೂ ಮುಂದಿನದನ್ನು ಊರುವ ಕ್ರಮ ಒಂದೇ.

ಸೈಕಲ್ ನೋಡಿಕೊಳ್ಳಿ

ಶಾಕ್ ಅಬ್ಸಾರ್ಬರ್ ಇರುವ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಕವಲು) ಬೇಡವೇ ಬೇಡ. ಊರುವಾಗ ಕುಸಿಯುತ್ತದೆ, ಮರುಕ್ಷಣ ಎದ್ದು ನಿಮ್ಮನ್ನು ಹಿಂದಕ್ಕೆ ದೂಡುತ್ತದೆ. ‘ಸ್ಟಂಟ್ ಸೈಕಲ್’ ಅಂತ ಕಡಿಮೆ ರೇಟಿಗೆ ಮಾರುವ ಕೆಲವು ಗಾಡಿಗಳಲ್ಲಿ ಸ್ಟೆಮ್, ಅಂದರೆ ಹ್ಯಾಂಡಲನ್ನು ಫೋರ್ಕ್‌ಗೆ ಸೇರಿಸುವ ತುಂಡು, ತೀರಾ ತೆಳು. ನಾಲ್ಕು ಸಲ ಊರಿದರೆ ಹ್ಯಾಂಡಲ್ ತಿರುಗಿಕೊಳ್ಳುತ್ತದೆ. ಅಂಥದ್ದಕ್ಕೆ ದುಡ್ಡು ಹಾಕುವ ಬದಲು ಗಟ್ಟಿ ಫೋರ್ಕ್‌ನ ಹಳೆಯ ಸೈಕಲ್ ಹುಡುಕಿ.

ಬ್ರೇಕ್ ಪರೀಕ್ಷೆ ಹೀಗೆ. ಸೈಕಲ್ ಪಕ್ಕ ನಿಂತು, ಮುಂದಿನ ಲಿವರನ್ನು ಒಂದೇ ಬೆರಳಿನಲ್ಲಿ ಹಿಡಿದು ಗಾಡಿಯನ್ನು ಮುಂದಕ್ಕೆ ದೂಡಿ. ಹಿಂದಿನ ಚಕ್ರ ಏಳಬೇಕು, ಮುಂದಿನದು ಒಂದು ಇಂಚೂ ಉರುಳಬಾರದು. ಎರಡು ಬೆರಳು ಬೇಕಾದರೆ ಬ್ರೇಕ್ ಸರಿ ಇಲ್ಲ ಅಂತಲೇ ಅರ್ಥ. ರಿಮ್ ಬ್ರೇಕ್ ಇರುವವರು ಗ್ರೈಂಡರ್‌ನಲ್ಲಿ ರಿಮ್ ಮೇಲೆ ಸಣ್ಣ ಗೀರು ಹಾಕಿಸುತ್ತಾರೆ. ಹಿಡಿತ ಚೆನ್ನಾಗಿ ಬರುತ್ತದೆ, ಬ್ರೇಕ್ ಶೂ ಮಾತ್ರ ಬೇಗ ಸವೆಯುತ್ತದೆ. ನಮ್ಮ ಕರಾವಳಿಯ ಮಳೆಗೆ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕೇ ಇರಲಿ ಎಂಬುದು ನನ್ನ ಖಡಾಖಂಡಿತ ಮಾತು. ಒದ್ದೆ ರಿಮ್ಮನ್ನು ನಂಬಿ ಜಿಗಿಯುವಂತಿಲ್ಲ. ಇನ್ನೊಂದು ವಿಷಯ, ಮನೆಯಲ್ಲಿ ಉಂಟಲ್ವಾ ಅಂತ ಚೈನಿಗೆ ತೆಂಗಿನೆಣ್ಣೆ ಬಿಡುವವರಿದ್ದಾರೆ. ದಯವಿಟ್ಟು ಬಿಡಬೇಡಿ. ಒಂದು ಹನಿ ಡಿಸ್ಕ್‌ಗೆ ತಾಗಿದರೆ ಬ್ರೇಕ್ ಪ್ಯಾಡ್ ಕೆಟ್ಟಿತು.

ಟಯರಿನಲ್ಲಿ ಹಿಂದಿನದಕ್ಕಿಂತ ಮುಂದಿನದಕ್ಕೆ ಸ್ವಲ್ಪ ಜಾಸ್ತಿ ಗಾಳಿ. ಹೆಲ್ಮೆಟ್, ಗ್ಲೌಸ್, ಮೊಣಕಾಲಿನ ಕೆಳಗಿನ ಎಲುಬಿಗೆ ಗಾರ್ಡ್. ಇದರಲ್ಲಿ ರಾಜಿ ಇಲ್ಲ.

ಜಾಗ

ಕೆಂಪು ಕಲ್ಲು ನಮ್ಮಲ್ಲಿ ಎಲ್ಲ ಕಡೆ ಸಿಗುತ್ತದೆ. ಮನೆಯ ಪಾಗಾರ ಕಟ್ಟಿ ಉಳಿದ ನಾಲ್ಕೈದು ಕಲ್ಲು ಸಾಕು. ಅದರ ಮೈ ಒರಟು, ಒಣಗಿದ್ದರೆ ಟಯರ್ ಚೆನ್ನಾಗಿ ಕಚ್ಚುತ್ತದೆ. ಆದರೆ ಅಂಚು ಪುಡಿಯಾಗುತ್ತದೆ, ಅದು ನೆನಪಿರಲಿ. ಕಲ್ಲುಗಳನ್ನು ಒಂದಕ್ಕೊಂದು ತಾಗಿಸಿ ಉದ್ದಕ್ಕೆ ಇಡಿ. ಮೇಲೆ ನಿಂತು ಕಾಲಿನಲ್ಲಿ ದೂಡಿ ನೋಡಿ, ಅಲುಗಾಡಿದರೆ ಹಾರಬೇಡಿ. ಸಮುದ್ರ ಬದಿಯ ಪಾದೆಕಲ್ಲು ನೋಡಲು ಚಂದ, ಕಲಿಯಲು ಅಲ್ಲ. ಉಪ್ಪು ನೀರು, ಹಾವಸೆ ಎರಡೂ ಅಲ್ಲಿ ಉಂಟು.

ಮೊದಲು ಅಂಗಳದಲ್ಲಿ

ನಿಧಾನ ಬಂದು, ಮುಂದಿನ ಬ್ರೇಕ್ ಹಿಡಿದು, ಹಿಂದಿನ ಚಕ್ರ ಎತ್ತಿ, ಎರಡು ಎಣಿಸುವಷ್ಟು ಹೊತ್ತು ನಿಂತು, ಮೆಲ್ಲ ಇಳಿಸಿ. ಇದು ಬಾರದೆ ಕಲ್ಲಿನ ಹತ್ತಿರ ಹೋಗಬೇಡಿ.

ಕಲ್ಲಿಗೆ ಊರುವುದು

ಇಲ್ಲಿಂದ ನಿಧಾನ ಓದಿ.

ಕಲ್ಲಿನಿಂದ ಎರಡು ಅಡಿ ಹಿಂದೆ ಹಿಂದಿನ ಚಕ್ರದ ಮೇಲೆ ನಿಲ್ಲಿ. ನಿಮಗೆ ಒಗ್ಗಿದ ಕಾಲು ಮುಂದೆ, ಆ ಪೆಡಲ್ ಸಮಕ್ಕಿಂತ ಸ್ವಲ್ಪ ಮೇಲೆ. ಎರಡೂ ಬ್ರೇಕ್ ಹಿಡಿದಿರಲಿ. ಮುಂದಿನ ಚಕ್ರ ಗಾಳಿಯಲ್ಲಿ ಇರುವಾಗ ಅದರ ಬ್ರೇಕ್ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಆಮೇಲೆ ಹಿಡಿಯಲು ಸಮಯ ಇರುವುದಿಲ್ಲ, ಅದಕ್ಕೆ. ಟಯರ್ ಕಲ್ಲು ಮುಟ್ಟುವುದು, ಮೈಭಾರ ಅದರ ಮೇಲೆ ಬರುವುದು, ಇವೆರಡರ ನಡುವೆ ಬೆರಳು ಆಡಿಸಲು ಆಗುವುದಿಲ್ಲ. ಚಕ್ರ ಸಡಿಲ ಇದ್ದರೆ ಮುಟ್ಟಿದ ಕೂಡಲೇ ಉರುಳುತ್ತದೆ. ಉರುಳುತ್ತಿರುವಾಗ ಬ್ರೇಕ್ ಹಿಡಿದರೆ ಗಾಡಿ ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ. ಮೊದಲೇ ಬಿಗಿದ ಚಕ್ರವಾದರೆ ಬಿದ್ದ ಜಾಗದಲ್ಲೇ ಕಚ್ಚಿಕೊಳ್ಳುತ್ತದೆ. ಆಗ ಇಡೀ ಸೈಕಲ್ ಆ ಬಿಂದುವಿನ ಮೇಲೆ ತಿರುಗಿ ಹಿಂಭಾಗ ತಾನಾಗಿ ಏಳುತ್ತದೆ.

ಹಾಗಾಗಿ ಹಿಂದಿನ ಬ್ರೇಕ್ ಬಿಟ್ಟು ಪೆಡಲ್ ಒದೆಯುವಾಗ ಮುಂದಿನ ಬೆರಳು ಅಲುಗಬಾರದು. ಇದು ಹೇಳಿದಷ್ಟು ಸುಲಭ ಅಲ್ಲ. ಒಂದು ಕೈ ಬಿಟ್ಟಾಗ ಇನ್ನೊಂದೂ ಗೊತ್ತಾಗದೆ ಸಡಿಲಾಗುತ್ತದೆ. ನಿಂತಲ್ಲೇ ಇದನ್ನು ಅಭ್ಯಾಸ ಮಾಡಿ: ಮುಂದಿನದು ಬಿಗಿ, ಹಿಂದಿನದು ಬಿಡು, ಹಿಡಿ, ಬಿಡು.

ಒದ್ದ ಮೇಲೆ ಹ್ಯಾಂಡಲನ್ನು ಎದೆಯಿಂದ ಮುಂದಕ್ಕೆ ಚಾಚಿ. ಟಯರ್ ಮುಟ್ಟುವ ಹೊತ್ತಿಗೆ ಕೈ ಹೆಚ್ಚುಕಡಿಮೆ ಉದ್ದ ಆಗಿರಬೇಕು, ಆದರೆ ಮೊಣಕೈ ಸೆಟೆದಿರಬಾರದು. ಹೆಚ್ಚಿನವರು ಉಲ್ಟಾ ಮಾಡುತ್ತಾರೆ. ಹ್ಯಾಂಡಲಿಗೆ ಎದೆ ಕೊಟ್ಟು, ಕೈ ಮಡಚಿಕೊಂಡೇ ಇಳಿಯುತ್ತಾರೆ. ಮಡಚಲು ಇನ್ನೇನೂ ಉಳಿದಿರುವುದಿಲ್ಲ, ಹೊಡೆತ ನೇರ ಭುಜಕ್ಕೆ. ಉದ್ದ ಕೈಯಲ್ಲಿ ಮುಟ್ಟಿ, ಮೈ ಹತ್ತಿರ ಬರುತ್ತಿದ್ದಂತೆ ಕೈ ಮಡಚುತ್ತಾ ಬನ್ನಿ. ಎತ್ತರದಿಂದ ಹಾರಿದ ಬೆಕ್ಕಿನ ಮುಂಗಾಲು ನೋಡಿದರೆ ಕ್ರಮ ತಿಳಿಯುತ್ತದೆ.

ಚಕ್ರ ಬೀಳಬೇಕಾದದ್ದು ಅಂಚಿನ ಮೇಲೆ ಅಲ್ಲ, ಅಂಚಿನಿಂದ ಮೂರು ನಾಲ್ಕು ಬೆರಳು ಒಳಗೆ. ಅಂಚಿಗೆ ಬಡಿದರೆ ಟ್ಯೂಬ್ ರಿಮ್ಮಿಗೆ ಸಿಕ್ಕಿ ಪಂಕ್ಚರ್, ಕೆಂಪು ಕಲ್ಲಾದರೆ ಅಂಚೇ ಕಿತ್ತು ಬರುತ್ತದೆ. ಕಣ್ಣು ಆ ಜಾಗದ ಮೇಲಿರಲಿ, ಚಕ್ರದ ಮೇಲೆ ಬೇಡ. ಹ್ಯಾಂಡಲ್ ನೇರ. ಸ್ವಲ್ಪ ಓರೆಯಾಗಿ ಬಿದ್ದರೂ ಭಾರ ಬಂದಾಗ ಚಕ್ರ ಮಡಚಿಕೊಂಡು ನಿಮ್ಮನ್ನು ಬದಿಗೆ ಎಸೆಯುತ್ತದೆ.

ಇನ್ನು ಸೊಂಟ. ಹೆದರಿಕೆಯಿಂದ ಸೊಂಟ ಹಿಂದೆ ಉಳಿಯುತ್ತದೆ. ಆಗ ಚಕ್ರ ಸರಿಯಾಗಿ ಊರಿದರೂ ಗಾಡಿ ಹಿಂದಕ್ಕೆ, ಕಲ್ಲಿನ ಕೆಳಗೆ ಬೀಳುತ್ತದೆ. ಒದೆಯುವಾಗಲೇ ಸೊಂಟವನ್ನು ಹ್ಯಾಂಡಲಿನ ಕಡೆ ಕಳಿಸಿ. ಮುಂದಿನ ಆಕ್ಸಲ್ ಮೇಲೆ ಭಾರ ಬಂದು ನಿಂತದ್ದು ಅಂಗೈಗೆ ಗೊತ್ತಾಗುತ್ತದೆ. ಆ ಕ್ಷಣ ಮೊಣಕಾಲು ಮೇಲೆ ಎಳೆದುಕೊಳ್ಳಿ, ಹಿಂದಿನ ಚಕ್ರ ಕಲ್ಲಿಗಿಂತ ಎತ್ತರ ಬರುತ್ತದೆ.

ಸರಿಯಾಯಿತೋ ಇಲ್ಲವೋ ತಿಳಿಯಲು ಸೀಮೆಸುಣ್ಣ ಸಾಕು. ಕಲ್ಲಿನ ಮೇಲ್ಭಾಗಕ್ಕೆ ದಪ್ಪವಾಗಿ ಉಜ್ಜಿ, ಹಾರಿ, ಟಯರ್ ನೋಡಿ. ಬಿಳಿ ಒಂದೇ ಕಡೆ ಗುರುತಾಗಿದ್ದರೆ ಚಕ್ರ ಬಿಗಿದಿತ್ತು. ಟಯರ್ ಸುತ್ತ ಉದ್ದ ಪಟ್ಟಿ ಬಂದಿದ್ದರೆ ಉರುಳಿದೆ, ಬೆರಳು ಸಡಿಲವಾಗಿತ್ತು. ಶಬ್ದದಲ್ಲೂ ತಿಳಿಯುತ್ತದೆ. ಸರಿಯಾಗಿ ಬಿದ್ದರೆ ‘ಡಬ್’ ಅಂತ ಒಂದೇ ಸದ್ದು. ‘ಚರ್ರ್’ ಎಂದರೆ ಮತ್ತೆ ಬ್ರೇಕ್ ನೋಡಿಕೊಳ್ಳಿ. ಮೊಬೈಲ್‌ನಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆಯುವವರು ಇಡೀ ಮೈ ತೆಗೆಯುತ್ತಾರೆ. ಸುಮ್ನೆ. ಬ್ರೇಕ್ ಬೆರಳನ್ನೇ ಹತ್ತಿರದಿಂದ ತೆಗೆಸಿ, ತಪ್ಪು ಕೂಡಲೇ ಸಿಗುತ್ತದೆ.

ಹಿಂದಿನ ಚಕ್ರ ಇಳಿಸಿ

ಹಿಂದಿನ ಬ್ರೇಕ್ ಹಿಡಿದು, ಕೈ ಚಾಚುತ್ತಾ ಮೆಲ್ಲ ಕಲ್ಲಿನ ಮೇಲೆ ಇಡಿ. ಮುಂದಿನ ಬ್ರೇಕ್ ಬಿಡುವುದು ಅದರ ನಂತರ.

ಎತ್ತರ ಹೆಚ್ಚಿಸಲು ಅವಸರ ಬೇಡ. ಮೊದಲು ದೂರ ಹೆಚ್ಚಿಸಿ, ಒಂದು ಗೇಣು, ಮತ್ತೊಂದು ಗೇಣು. ದೂರ ಹೋಗುವಾಗ ಸೊಂಟ ಕಳಿಸುವುದು ಅಭ್ಯಾಸ ಆಗುತ್ತದೆ. ಆಮೇಲೆ ಎರಡನೇ ಸಾಲು ಕಲ್ಲು ಇಡಿ. ಮೊದಲೇ ಎತ್ತರ ಇಟ್ಟವರು ಹ್ಯಾಂಡಲ್ ಎಳೆಯಲು ಕಲಿಯುತ್ತಾರೆ, ಚಾಚಲು ಕಲಿಯುವುದಿಲ್ಲ. ಆ ಅಭ್ಯಾಸ ಬಿಡಿಸುವುದು ಬಹಳ ಕಷ್ಟ ಮಾರಾಯ್ರೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಕಲ್ಲಿನ ಮೇಲೆ ಇದನ್ನು ಮಾಡಬೇಡಿ. ಕೆಂಪು ಕಲ್ಲಿನ ತೂತುಗಳಲ್ಲಿ ಹಾವಸೆ ಕೂರುತ್ತದೆ, ಬಿಸಿಲು ಬಂದು ಮೇಲೆ ಒಣಗಿದಂತೆ ಕಂಡರೂ ಜಾರುತ್ತದೆ. ಮಾಡಿನ ಕೆಳಗೆ ಮರದ ಪ್ಯಾಲೆಟ್ ಹಾಕಿಕೊಳ್ಳಿ. ಪಣಂಬೂರು, ಮಲ್ಪೆ ಕಡೆ ಇರುವವರು ಅಭ್ಯಾಸ ಮುಗಿದ ದಿನವೇ ಸೈಕಲ್ಲಿಗೆ ಸಿಹಿನೀರು ಹೊಯ್ದು ಒರೆಸಿ. ಉಪ್ಪುಗಾಳಿಗೆ ಮೊದಲು ಬಿಗಿಯುವುದು ಬ್ರೇಕ್ ಕೇಬಲ್. ಲಿವರ್ ಬಿಟ್ಟಾಗ ಫಟ್ಟನೆ ವಾಪಸ್ ಬರದಿದ್ದರೆ ಮರುದಿನ ಹಾರುವ ಮೊದಲು ಕೇಬಲ್ ಬದಲಿಸಿ.