ಅಂಗಳದ ಬದಾಮಿ: ಆರಿಸಿ, ಒಣಗಿಸಿ, ಒಡೆದು ತಿನ್ನುವುದು ಹೇಗೆ?

ಕಲಬುರಗಿಯ ಹಳೇ ಓಣಿಗಳಲ್ಲಿ, ಸಾಲಿ ಅಂಗಳಗಳಲ್ಲಿ, ಸರ್ಕಾರಿ ಕ್ವಾರ್ಟರ್ಸ್‌ಗಳಲ್ಲಿ ಈ ಗಿಡ ನೋಡಿಯೇ ಇರುತ್ತೀರಿ. ಕೊಡೆಯ ಮೇಲೆ ಕೊಡೆ ಬಿಚ್ಚಿಟ್ಟ ಹಾಗೆ ಅಂತಸ್ತು ಅಂತಸ್ತಾಗಿ ಟೊಂಗೆ ಚಾಚಿರುತ್ತದೆ. ಅಂಗೈಗಿಂತ ದೊಡ್ಡ ಎಲೆ, ಉದುರುವ ಮುಂಚೆ ಕೆಂಪಗಾಗುತ್ತದೆ. ನಮ್ಮ ಕಡೆ ಬರೀ ಬದಾಮಿ ಗಿಡ ಅಂತೀವಿ, ಕೆಲವರು ಕಾಡು ಬಾದಾಮಿ ಅನ್ನುತ್ತಾರೆ.

ದಿನಾ ಬೆಳಿಗ್ಗೆ ಇದರ ಎಲೆ, ಕಾಯಿ ಎಲ್ಲಾ ಗುಡಿಸಿ ಕಸದ ಗಾಡಿಗೆ ಹಾಕುತ್ತೇವೆ. ಸಂಜೆ ಕಿರಾಣಿ ಅಂಗಡಿಗೆ ಹೋಗಿ ಕಾಲು ಕಿಲೋ ಬಾದಾಮಿ ತರುತ್ತೇವೆ. ನಾನೂ ಎಷ್ಟೋ ವರ್ಷ ಹೀಗೇ ಮಾಡಿದ್ದೇನೆ. ಚಿಕ್ಕವರಿದ್ದಾಗ ಮಾತ್ರ ಕಲ್ಲಿನಿಂದ ಜಜ್ಜಿ ತಿನ್ನುತ್ತಿದ್ದೆವು. ಹತ್ತು ಕಾಯಿ ಜಜ್ಜಿದರೆ ಎರಡರಲ್ಲಿ ಬೀಜ ಪೂರ್ತಿ ಸಿಗೋದು, ಉಳಿದದ್ದು ಪುಡಿ ಪುಡಿ. ಆಗ ನಾವು ಮಾಡುತ್ತಿದ್ದ ತಪ್ಪು ಒಂದೇ. ಹಸಿ ಕಾಯಿಯನ್ನೇ ಒಡೆಯುತ್ತಿದ್ದೆವು.

ಮೊದಲೇ ಒಂದು ಮಾತು. ಅಂಗಡಿಯ ಬಾದಾಮಿಗೂ ಇದಕ್ಕೂ ನಂಟಿಲ್ಲ. ಅದು ಗುಲಾಬಿಯ ಕುಟುಂಬದ್ದು, ಚಳಿಗಾಲದ ಚಳಿ ಬೇಡುವ ಗಿಡ. ಇದರ ದಾಯಾದಿಗಳು ಅಳಲೆ, ತಾರೆ, ಮತ್ತಿ. ಆದರೆ ಬೀಜದ ರುಚಿ ಮಾತ್ರ ಬಾದಾಮಿಯ ಹತ್ತಿರಕ್ಕೇ ಬರುತ್ತದೆ, ಸ್ವಲ್ಪ ಹಸಿ ಕೊಬ್ಬರಿಯನ್ನೂ ನೆನಪಿಸುತ್ತದೆ.

ಯಾವ ಕಾಯಿ ಆರಿಸಬೇಕು

ಗಿಡ ಹತ್ತಿ ಕೀಳಬೇಡಿ, ಕೋಲಿನಿಂದ ಬಡಿಯಲೂ ಬೇಡಿ. ಬಲಿತ ಕಾಯಿ ತಾನಾಗಿಯೇ ಬೀಳುತ್ತದೆ. ಹಸಿರು ಕಾಯಿ ಹಳದಿಯಾಗುತ್ತದೆ, ಕೆಲವು ಗಿಡಗಳಲ್ಲಿ ನೇರಳೆಗೆಂಪಾಗುತ್ತದೆ. ಕೆಂಪು ಹಣ್ಣಿನ ರಸ ಬಟ್ಟೆಗೆ ತಾಗಿದರೆ ಕಲೆ ಬೇಗ ಹೋಗಲ್ಲ, ಅದಕ್ಕೇ ಹಳೇ ಬಟ್ಟೆ ಹಾಕಿಕೊಂಡು ಇಳಿಯಿರಿ.

ಬೆಳಿಗ್ಗೆ ಬೇಗ ಆರಿಸಿದರೆ ಒಳ್ಳೇದು. ರಾತ್ರಿ ಬಾವಲಿಗಳು ಬಂದು ಮೇಲಿನ ತಿರುಳು ತಿಂದು ಗಟ್ಟಿ ಕಾಯಿ ಕೆಳಗೆ ಹಾಕಿ ಹೋಗಿರುತ್ತವೆ. ಅರ್ಧ ಸ್ವಚ್ಛ ಮಾಡಿ ಕೊಟ್ಟ ಹಾಗೇ ಅಲ್ವಾ ಅಂತ ಸಂತೋಷಪಡಬೇಡಿ. ಬಾವಲಿ ಕಚ್ಚಿದ್ದನ್ನು ಬಿಟ್ಟುಬಿಡಿ, ಬರಿಗೈಲಿ ಮುಟ್ಟುವುದೂ ಬೇಡ. ಪೂರ್ತಿ ಸಿಪ್ಪೆ ಇರುವ ಹಣ್ಣು ಬೇಕಾದಷ್ಟು ಬಿದ್ದಿರುತ್ತದೆ.

ಸಣ್ಣ ತೂತು ಇದ್ದರೆ ಒಳಗೆ ಹುಳ ಹೊಕ್ಕಿದೆ ಅಂತ ಅರ್ಥ. ಮೊಳಕೆ ಬಂದದ್ದು, ಕಪ್ಪಗೆ ಕೊಳೆತದ್ದು ಕೂಡ ಬೇಡ. ಚರಂಡಿ ಪಕ್ಕದ, ಮೇನ್ ರೋಡಿನ ಗಿಡದ ಕಾಯಿಗೂ ಆಸೆಪಡಬೇಡಿ.

ಮಕ್ಕಳನ್ನು ಕೆಲಸಕ್ಕೆ ಹಚ್ಚುವವರು ಇದನ್ನು ನೆನಪಿಡಿ. ಬೇಲಿಯಲ್ಲಿ ಬೆಳೆಯುವ ಜತ್ರೋಪಾ ಬೀಜವೂ ರುಚಿಯಾಗಿಯೇ ಇರುತ್ತದೆ, ಆದರೆ ವಿಷ. ವಾಂತಿ, ಭೇದಿ ಶುರುವಾಗಿ ಮಕ್ಕಳನ್ನು ಆಸ್ಪತ್ರೆಗೆ ಹೊತ್ತೊಯ್ಯಬೇಕಾಗುತ್ತದೆ. ಬದಾಮಿ ಕಾಯಿ ಅಂದರೆ ಹೆಬ್ಬೆರಳಿಗಿಂತ ಉದ್ದ, ಸ್ವಲ್ಪ ಚಪ್ಪಟೆ, ಅಂಚಿನಲ್ಲಿ ದೋಣಿಯ ತಳದ ಹಾಗೆ ಏಣು. ಮೊದಲು ಇದನ್ನು ಕೈಯಲ್ಲಿಟ್ಟು ತೋರಿಸಿ, ಆಮೇಲೆ ಬುಟ್ಟಿ ಕೊಡಿ.

ತಿರುಳು ಬಿಡಿಸಿ, ಒಣಗಿಸಿ

ಹಣ್ಣಿನ ತಿರುಳು ಹುಳಿ, ಸಿಹಿ, ಒಗರು ಮೂರೂ ಕೂಡಿದ ರುಚಿ. ತಿನ್ನುವವರು ತೊಳೆದು ತಿನ್ನಬಹುದು. ಉಳಿದದ್ದನ್ನು ಒಂದು ಬಕೆಟ್ ನೀರಲ್ಲಿ ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಗೋಣಿ ಚೀಲದ ತುಂಡಿನಿಂದ ತಿಕ್ಕಿ. ನಾರು ಪೂರ್ತಿ ಹೋಗಲ್ಲ, ಹೋಗಬೇಕಂತಲೂ ಇಲ್ಲ. ಜಿಗುಟು ಹೋದರೆ ಸಾಕು, ಇರುವೆ ಮುತ್ತುವುದಿಲ್ಲ.

ನೀರಲ್ಲಿ ಹಾಕಿದಾಗ ಒಂದು ಮೋಸ ಆಗುತ್ತದೆ. ತೇಲಿದ ಕಾಯಿ ಜೊಳ್ಳು, ಮುಳುಗಿದ್ದು ಗಟ್ಟಿ ಅನ್ನುವುದು ನಮ್ಮ ರೂಢಿ. ಬದಾಮಿಗೆ ಈ ಲೆಕ್ಕ ನಡೆಯಲ್ಲ. ಇದರ ಚಿಪ್ಪಿನ ಹೊರಪದರ ಬಿರಡೆಯ ಹಾಗೆ ಹಗುರ. ಸಮುದ್ರದಲ್ಲಿ ತೇಲುತ್ತಾ ಹೋಗಿ ಇನ್ನೊಂದು ದಂಡೆಯಲ್ಲಿ ಮೊಳೆಯುವ ಜಾತಿ ಇದು. ಒಳ್ಳೆ ಕಾಯಿಯೂ ತೇಲುತ್ತದೆ. ಮೊದಲ ವರ್ಷ ನಾನು ತೇಲಿದ್ದನ್ನೆಲ್ಲ ಜೊಳ್ಳು ಅಂತ ಚೆಲ್ಲಿ, ಬಕೆಟ್ಟಿನ ತಳದಲ್ಲಿ ಉಳಿದ ನಾಲ್ಕು ಕಾಯಿ ನೋಡುತ್ತಾ ನಿಂತಿದ್ದೆ.

ಈಗ ಒಣಗಿಸುವುದು. ನಮ್ಮ ಕಲಬುರಗಿಯ ಬಿಸಿಲಿಗೆ ಬೈಯುವವರೇ ಜಾಸ್ತಿ, ಈ ಒಂದು ಕೆಲಸಕ್ಕೆ ಮಾತ್ರ ಅದಕ್ಕಿಂತ ಒಳ್ಳೇದು ಬೇರೊಂದಿಲ್ಲ. ಮಾಳಿಗೆಯ ಮೇಲೆ ಹಳೇ ಸೀರೆ ಹಾಸಿ ಒಂದೇ ಪದರ ಹರಡಿ. ಮೂರ್ನಾಲ್ಕು ದಿನ ಬಿಸಿಲು ಕಾಯಿಸಿ, ಆಮೇಲೆ ಗಾಳಿಯಾಡುವ ನೆರಳಿಗೆ ತನ್ನಿ. ಒಟ್ಟು ಎರಡು ವಾರ ಬೇಕು. ಮಳೆಗಾಲದಲ್ಲಿ ಬಿದ್ದ ಕಾಯಿಗೆ ತಿಂಗಳೇ ಹಿಡಿಯಬಹುದು. ದಿನಕ್ಕೊಮ್ಮೆ ಕೈಯಾಡಿಸಿ. ರಾತ್ರಿ ಒಳಗೆ ತನ್ನಿ, ಇಲ್ಲವಾದರೆ ಇಲಿಗೆ ಹಬ್ಬ.

ಒಣಗಿತೋ ಇಲ್ಲವೋ ತಿಳಿಯಲು ನಾಲ್ಕೈದು ಕಾಯಿ ಒಡೆದು ನೋಡುವುದೇ ಸರಿ. ಹಸಿ ಇದ್ದರೆ ಚಿಪ್ಪು ಸೀಳದೆ ಜಜ್ಜಿಹೋಗುತ್ತದೆ, ಬೀಜ ಬಾಗುತ್ತದೆ. ಒಣಗಿದ್ದರೆ ಚಿಪ್ಪು ಟಪ್ ಅಂತ ಸೀಳುತ್ತದೆ, ಬೀಜ ಬಗ್ಗಿಸಿದರೆ ಪಟ್ ಅಂತ ಮುರಿಯುತ್ತದೆ.

ಒಡೆಯುವುದು

ಅಡಕತ್ತಿ ತರಬೇಡಿ. ಅಡಕತ್ತಿಯ ಬಾಯಿ ಹೋಗುತ್ತದೆ, ಕಾಯಿ ಹಾಗೇ ಇರುತ್ತದೆ. ಒಂದು ಸುತ್ತಿಗೆ ಇಲ್ಲವೇ ಹಿಡಿ ತುಂಬುವ ಗುಂಡುಕಲ್ಲು, ಒಂದು ದಪ್ಪ ಕಟ್ಟಿಗೆಯ ಕೊರಡು, ಒಂದು ಇಕ್ಕಳ, ಒಂದು ದಬ್ಬಣ. ಇಷ್ಟೇ ಸಾಮಾನು.

ಕೊರಡೇ ಯಾಕೆ ಅಂದರೆ, ನಮ್ಮ ಊರಿನ ಮನೆಗಳ ನೆಲವೆಲ್ಲ ಶಹಾಬಾದಿ ಫರಸಿ. ಈ ಸುಣ್ಣಕಲ್ಲು ಪದರ ಪದರವಾಗಿ ಏಳುತ್ತದೆ ಅಂತಲೇ ಇದರಿಂದ ಹಾಸುಗಲ್ಲು ಮಾಡುತ್ತಾರೆ. ಒಂದೇ ಜಾಗಕ್ಕೆ ಏಟು ಬಿದ್ದರೆ ಬಿರುಕು ಗ್ಯಾರಂಟಿ. ನಾನು ಪಡಸಾಲೆಯಲ್ಲಿ ಕೂತು ಒಡೆದ ದಿನ ಅವ್ವ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ನಾಕ್ ಬೀಜದ ಆಸಿಗಿ ಫರಸಿ ಒಡದ್ ಇಟ್ಟೆಲ್ಲೋ!" ಆ ಬಿರುಕಿನ ಮೇಲೆ ಈಗ ಕಾಲೊರಸು ಹಾಸಿದೆ.

ಕೊರಡಿನ ಮೇಲೆ ಉಳಿಯಿಂದ ಒಂದು ಸಣ್ಣ ಗುಳಿ ಮಾಡಿಕೊಳ್ಳಿ. ಕಾಯಿಯನ್ನು ಚಪ್ಪಟೆಯಾಗಿ ಮಲಗಿಸಬೇಡಿ. ಏಣು ಮೇಲೆ ಬರುವ ಹಾಗೆ ಅಂಚಿನ ಮೇಲೆ ನಿಲ್ಲಿಸಿ, ಇಕ್ಕಳದಲ್ಲಿ ಹಿಡಿಯಿರಿ. ಇಕ್ಕಳ ಹಿಡಿಯಲು ನಾಚಿಕೆಪಟ್ಟರೆ ಹೆಬ್ಬೆರಳು ಕೊಡಬೇಕಾಗುತ್ತದೆ. ಏಣಿನ ಮೇಲೆ ಮೊದಲು ಒಂದು ಮೆಲ್ಲನೆ ಏಟು, ಆಮೇಲೆ ಸ್ವಲ್ಪ ಜೋರಾಗಿ ಇನ್ನೊಂದು. ಒಂದೇ ಏಟಿಗೆ ಮುಗಿಸುತ್ತೇನೆ ಅಂದರೆ ಬೀಜ ಪುಡಿಯಾಗುತ್ತದೆ. ಸರಿಯಾಗಿ ಬಿದ್ದರೆ ಚಿಪ್ಪು ಉದ್ದಕ್ಕೆ ಎರಡು ಹೋಳಾಗುತ್ತದೆ. ಚೂರು ಸಿಡಿದು ಕಣ್ಣಿಗೆ ಬೀಳದಂತೆ ಚಷ್ಮಾ ಹಾಕಿಕೊಳ್ಳಿ, ಮಕ್ಕಳನ್ನು ದೂರ ಕೂರಿಸಿ.

ಬೀಜ ಒಂದು ಹೋಳಿಗೆ ಅಂಟಿಕೊಂಡಿದ್ದರೆ ದಬ್ಬಣದ ತುದಿಯಿಂದ ಎಬ್ಬಿಸಿ. ಸಣ್ಣಗೆ, ಎರಡೂ ತುದಿ ಚೂಪಾಗಿ, ಕಂದು ಸಿಪ್ಪೆಯಲ್ಲಿ ಇರುತ್ತದೆ. ಒಂದನ್ನು ಹಸಿ ಇರುವಾಗಲೇ ಮೆಲ್ಲಗೆ ಬಿಚ್ಚಿ ನೋಡಿ. ಅಂಗಡಿ ಬಾದಾಮಿಯ ಹಾಗೆ ಎರಡು ಬೇಳೆ ಅಲ್ಲ, ಬೆಳ್ಳಗಿನ ತೆಳು ಎಲೆಯನ್ನು ಚಾಪೆ ಸುತ್ತಿದ ಹಾಗೆ ಸುರುಳಿ ಸುತ್ತಿಟ್ಟಿರುತ್ತದೆ. ನಮ್ಮ ಮನೆ ಹುಡುಗರು ತಿನ್ನುವುದಕ್ಕಿಂತ ಬಿಚ್ಚುವುದರಲ್ಲೇ ಹೊತ್ತು ಕಳೆಯುತ್ತಾರೆ.

ಸುಳ್ಳು ಹೇಳುವುದಿಲ್ಲ, ಇದು ಲಾಭದ ಧಂದೆ ಅಲ್ಲ. ನೂರು ಕಾಯಿ ಒಡೆದರೆ ಒಂದು ಹಿಡಿ ಬೀಜ. ಭಾನುವಾರ ಮಧ್ಯಾಹ್ನ ನಾಲ್ಕು ಜನ ಮಾತಾಡುತ್ತಾ ಕೂತರೆ ಹೊತ್ತು ಹೋದದ್ದು ಗೊತ್ತಾಗಲ್ಲ. ಒಬ್ಬರೇ ಕೂತರೆ ಇಪ್ಪತ್ತು ಕಾಯಿಗೇ ಬೇಜಾರು.

ಇಡುವುದು, ತಿನ್ನುವುದು

ಈ ಬೀಜದ ತೂಕದಲ್ಲಿ ಅರ್ಧದಷ್ಟು ಎಣ್ಣೆಯೇ. ಹೀಗಾಗಿ ಒಡೆದಿಟ್ಟರೆ ಬೇಗ ಕಮಟು ವಾಸನೆ ಬರುತ್ತದೆ. ಒಣ ಕಾಯಿಯನ್ನು ಚಿಪ್ಪಿನ ಸಮೇತ ಇಟ್ಟು, ಬೇಕಾದಾಗ ಬೇಕಾದಷ್ಟೇ ಒಡೆಯುವುದು ಜಾಣತನ. ಒಡೆದದ್ದು ಉಳಿದರೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಫ್ರಿಜ್‌ಗೆ ಹಾಕಿ, ಎರಡು ವಾರದಲ್ಲಿ ಮುಗಿಸಿ. ಬೂಷ್ಟು ಬಂದದ್ದನ್ನು ಒರೆಸಿ ತಿನ್ನುವ ಚಪಲ ಬೇಡ. ಶೇಂಗಾ, ಗೋಡಂಬಿ ಒಗ್ಗದವರು ಇದರ ತಂಟೆಗೂ ಹೋಗಬೇಡಿ. ಉಳಿದವರೂ ಮೊದಲ ಸಲ ಎರಡೇ ಎರಡು ತಿಂದು ನೋಡಿ.

ಹಾಗೇ ತಿನ್ನಬಹುದು. ಸಣ್ಣ ಉರಿಯಲ್ಲಿ ಹಂಚಿನ ಮೇಲೆ ಮೂರ್ನಾಲ್ಕು ನಿಮಿಷ ಹುರಿದರೆ ಘಮ ಬೇರೆಯೇ. ಕಂದು ಬಣ್ಣ ಏರುವ ಮುಂಚೆ ಇಳಿಸಿ, ಹಂಚಿನ ಬಿಸಿಗೇ ಉಳಿದದ್ದು ಆಗುತ್ತದೆ. ಗೋಧಿ ಹುಗ್ಗಿಗೆ ಮೇಲಿಂದ ತುಪ್ಪದಲ್ಲಿ ಹುರಿದು ಹಾಕಿ ನೋಡಿ. ಪಕ್ಕದ ಮನೆ ಆಪಾ ರಂಜಾನ್ ಹಬ್ಬದ ಶೀರ್ ಖುರ್ಮಾಕ್ಕೆ ಚಾರೋಳಿ ಜೊತೆ ಇದನ್ನೂ ಹಾಕುತ್ತಾರೆ. ಹೋದ ಸಲ ನಮ್ಮ ಗಿಡದ್ದೇ ಒಂದು ಬಟ್ಟಲು ಹೋಗಿತ್ತು.

ನನಗೆ ಸೇರುವುದು ಮಾತ್ರ ಹಿಂಡಿ, ಅಂದರೆ ರೊಟ್ಟಿ ಜೊತೆ ತಿನ್ನುವ ಚಟ್ನಿ ಪುಡಿ. ಒಂದು ಹಿಡಿ ಬದಾಮಿ ಬೀಜ, ಎರಡು ಹಿಡಿ ಹುರಿದ ಶೇಂಗಾ, ಆರೇಳು ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಜೀರಿಗೆ, ಖಾರದ ಪುಡಿ, ಉಪ್ಪು. ಮಿಕ್ಸಿಗೆ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ, ಅದಕ್ಕೇ ಕಲ್ಲಲ್ಲಿ ಕುಟ್ಟಿ. ಬಿಸಿ ಜೋಳದ ರೊಟ್ಟಿ, ಗಟ್ಟಿ ಮೊಸರು ಇದ್ದರೆ ಬೇರೆ ಪಲ್ಯ ಕೇಳುವುದಿಲ್ಲ.

ಚಿಪ್ಪು ಎಸೆಯಬೇಡಿ, ಚೆನ್ನಾಗಿ ಉರಿಯುತ್ತದೆ. ನಮ್ಮ ಮನೆಯಲ್ಲಿ ಗೀಸರ್ ಬಂದಿದೆ, ಹೀಗಾಗಿ ಚೀಲ ತುಂಬಿದ ಕೂಡಲೇ ಎದುರು ಮನೆಯ ಆಯಿಯ ಹಂಡೆ ಒಲೆಗೆ ಹೋಗುತ್ತದೆ. ಆಯಿ ಅದಕ್ಕೆ ಬದಲಾಗಿ ಬೆಳ್ಳುಳ್ಳಿ ಕೊಡುತ್ತಾಳೆ, ಅದು ಹಿಂಡಿಗೆ ಬರುತ್ತದೆ.